ಚಾಲಗೇಣಿಯ ಅಕ್ಷರಗಳು

ದುಡ್ಡು ಕೊಟ್ಟು ಕೊಂಡದ್ದು ತನ್ನದು ಎಂಬುದರಲ್ಲಿ ಯಾರಿಗೂ ಸಂಶಯವಿರುವುದಿಲ್ಲ. ಕಳೆದ ಮಳೆಗಾಲದವರೆಗೆ ನನಗೂ ಇರಲಿಲ್ಲ.

ಹಟ್ಟಿಯಂಗಡಿಯ ಸುತ್ತಿನ ಹಿರಿಯರ ಬಾಯಿಂದ ಕೇಳಿದ ಕುಂದಗನ್ನಡದ ಮಾತುಗಳನ್ನು ಹದಿನೈದು ವರ್ಷ ಕೂಡಿಹಾಕಿದವನು ನಾನು. ಅವನ್ನೆಲ್ಲ ಬೆರಳಚ್ಚು ಮಾಡಿದ್ದು ಬೆಲೆ ಕೊಟ್ಟು ತಂದ ಒಂದು ಕನ್ನಡ ತಂತ್ರಾಂಶದಲ್ಲಿ. ಅದರೊಡನೆ ಬಂದ ಡಾಂಗಲ್ ಎಂಬ ಹೆಬ್ಬೆರಳಿನಷ್ಟು ಬೀಗವನ್ನು ಗಣಕಕ್ಕೆ ಸಿಕ್ಕಿಸಿದರೆ ಮಾತ್ರ ತಂತ್ರಾಂಶ ತೆರೆಯುತ್ತಿತ್ತು. ಹಳೆಯ ಗಣಕ ಕೆಟ್ಟಿತು. ಹೊಸದರಲ್ಲಿ ಬೀಗ ಕೆಲಸ ಮಾಡಲಿಲ್ಲ. ಮಾರಿದವರನ್ನು ಕೇಳಿದರೆ, “ಅದರ ಸೇವೆ ನಿಲ್ಲಿಸಿದ್ದೇವೆ, ಹೊಸದನ್ನು ಕೊಳ್ಳಿ” ಎಂದರು. ಕಡತಗಳನ್ನು ಬೇರೆಡೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಯುನಿಕೋಡ್ ಎಂಬ ಸಾಮಾನ್ಯ ಸಂಕೇತಕ್ರಮದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ನನ್ನ ತಂತ್ರಾಂಶ ಅಕ್ಷರಗಳನ್ನು ತನ್ನದೇ ಕ್ರಮದಲ್ಲಿ ಇಟ್ಟಿತ್ತು.

ಅಮ್ಮ ಕೇಳಿದಳು: “ಅಲ್ದಾ ಮಗಾ, ದುಡ್ಡ್ ಕೊಟ್ಟ್ ತಂದದ್ದಲ್ದಾ? ಮತ್ತೆ ಬೀಗದ ಕೈ ಅವ್ರ್ ಹತ್ರ ಎಂತಕ್?”

ಉತ್ತರ ಹುಡುಕಿ ಕರಾರನ್ನು ಓದಿದೆ. ನಾನು ಕೊಂಡದ್ದು ತಂತ್ರಾಂಶವನ್ನಲ್ಲ, ಅದನ್ನು ಬಳಸುವ ಅನುಮತಿಯನ್ನು. ನಮ್ಮ ಕಡೆಯವರಿಗೆ ಇದು ತೀರ ಹೊಸತಲ್ಲ. ಮೂಲಗೇಣಿಯ ಒಕ್ಕಲಿಗೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯವನದು ವರ್ಷದಿಂದ ವರ್ಷಕ್ಕೆ ಧಣಿಯ ಮರ್ಜಿ. 1974ರ ಮಾರ್ಚ್ 1ರಂದು ಗೇಣಿಯ ಜಮೀನು ಸರಕಾರಕ್ಕೆ ಸೇರಿ, ಉಳುವವನು ಹಕ್ಕಿಗಾಗಿ ಅರ್ಜಿ ಹಾಕುವಂತಾಯಿತು. ಆದರೂ ಚಾಲಗೇಣಿಯವನಿಗೆ ತಾನು ಒಕ್ಕಲೆಂಬುದು ಗೊತ್ತಿತ್ತು. ನನಗೆ ಗೇಣಿಯನ್ನು ಕ್ರಯವೆಂದು ಹೇಳಿ ಕೊಟ್ಟಿದ್ದರು.

ಮಾರಿದವರ ಪಕ್ಷವನ್ನೂ ನೋಡಬೇಕು. ಒಮ್ಮೆ ಮಾರಿದ್ದಕ್ಕೆ ಕೊನೆಯವರೆಗೂ ದುರಸ್ತಿ ಮಾಡಿಕೊಡು ಎನ್ನುವುದು ನ್ಯಾಯವಲ್ಲ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗೆಂದು ಮರುದಿನ ಆ ಗಣಕಗಳು ನಿಂತುಹೋಗಲಿಲ್ಲ. ಸೇವೆ ನಿಲ್ಲಿಸುವುದು ಬೇರೆ, ಬಳಕೆಯನ್ನೇ ತಡೆಯುವುದು ಬೇರೆ. ಬಡಗಿ ಕಸುಬು ಬಿಡಬಹುದು. ಬಿಡುವಾಗ ನನ್ನ ಮನೆಯ ಬಾಗಿಲಿಗೆ ಬೀಗ ಜಡಿದು ಹೋಗಲಾಗದು.

1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣವು, ನ್ಯಾಯವಾಗಿ ತಂತ್ರಾಂಶ ಪಡೆದವನು ಅದು ನಷ್ಟವಾದೀತೆಂದು ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಆದರೆ ಬೀಗವಿರುವ ವಸ್ತುವಿನ ಪ್ರತಿಗೂ ಬೀಗವಿರುತ್ತದೆ. ಆದ್ದರಿಂದ ನಾನು ಕೇಳುವುದು ಇಷ್ಟೇ: ಅಂಗಡಿ ಮುಚ್ಚುವವರು ಬೀಗವನ್ನು ತೆಗೆದು, ಅಕ್ಷರದ ಗುಟ್ಟನ್ನು ತಿಳಿಸಿ ಹೋಗಲಿ. ತಂತ್ರಾಂಶ ಅವರದಿರಬಹುದು, ಅದರಲ್ಲಿ ನಾನು ಬರೆದಿಟ್ಟ ಮಾತು ಅವರದಲ್ಲ.

ಹಳೆಯ ಶಿಷ್ಯನೊಬ್ಬ ಹೇಗೋ ಆ ಕಡತಗಳನ್ನು ಯುನಿಕೋಡಿಗೆ ತಿರುಗಿಸಿಕೊಟ್ಟಿದ್ದಾನೆ. ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿವೆ. ಸಂಜೆ ಒಂದೊಂದಾಗಿ ಅಮ್ಮನ ಮುಂದೆ ಓದಿ ತಿದ್ದಿಕೊಳ್ಳುತ್ತೇನೆ. ಕೆಲವು ಮಾತುಗಳು ಅವಳಿಗೂ ತಿಳಿಯವು. ಅವನ್ನು ಹೇಳಿಕೊಟ್ಟವರು ಈಗ ಇಲ್ಲ.