ಹಿನ್ನೀರಿನ ಬಾಕಿ

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ಭರಾಟೆ ಇಳಿದಮೇಲೆ, ಅಲ್ಲಿಂದಲೂ ಹಾವೇರಿ, ರಾಣೆಬೆನ್ನೂರುಗಳಿಂದಲೂ ನಮ್ಮಂಥವರು ಶರಾವತಿಯ ಹಿನ್ನೀರಿಗೆ ಹೋಗಿ, ಮೋಟಾರು ದೋಣಿಯಲ್ಲಿ ಹಾಯಾಗಿ ಒಂದು ದಿನ ಕಳೆಯುವುದುಂಟು. ಆ ನೀರು ತಾನಾಗಿ ನಿಂತದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಮನೆ, ಗದ್ದೆ, ತೋಟಗಳು ಮುಳುಗಿದವು. ಕಡುಬೇಸಗೆಯಲ್ಲಿ ನೀರಿಳಿದರೆ ಹಳೆಯ ಮಡೇನೂರು ಅಣೆಕಟ್ಟೇ ತಲೆಯೆತ್ತುತ್ತದೆ.

ಹಾಗಾದರೆ ಅನ್ಯರ ಅಂಗಳದ ಮೇಲೆ ವಿಹರಿಸುವುದು ತಪ್ಪೆ? ದೋಣಿ ಹತ್ತದವನೂ ಋಣಮುಕ್ತನಲ್ಲ. ನಾಡಿನ ದೀಪಗಳಿಗೆಲ್ಲ ಶರಾವತಿಯ ವಿದ್ಯುತ್ತು ಹರಿದಿದೆ. ಸುಖಪಡುವುದು ಪಾಪವೆನ್ನಲಾರೆ, ಮರೆತು ಸುಖಪಡುವುದು ಮಾತ್ರ ಸಲ್ಲದು. ಊರು ಬಿಟ್ಟೆದ್ದ ಕುಟುಂಬಗಳಲ್ಲಿ ಹಲವು ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಕಾದಿವೆ. ಅವರ ಪರವಾಗಿ ಒಂದು ಮಾತನ್ನೂ ಆಡದ ವಿಹಾರಿ, ದೋಣಿಯ ಬಾಡಿಗೆ ಪೂರ್ತಿ ತೆತ್ತರೂ ಬಾಕಿದಾರನೇ.