ಉಪ್ಪು ಒಣಗುವ ಮುನ್ನ

ಕಡಲಿಗಿಳಿದು ಬಂದ ಸ್ಕೂಬಾ ಸಲಕರಣೆಗೆ ನಿಜವಾದ ಕಷ್ಟ ಶುರುವಾಗುವುದು ದಡ ಸೇರಿದ ಮೇಲೆ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕರಗಿರುವಷ್ಟು ಹೊತ್ತು ಅದನ್ನು ಒಂದೆರಡು ಬಕೆಟ್ ಸಿಹಿನೀರು ಸುಲಭವಾಗಿ ಸಾಗಹಾಕಬಲ್ಲದು. ನೀರಾರಿ ಹರಳುಗಟ್ಟಿತೆಂದರೆ ಸ್ಪ್ರಿಂಗಿನ ಸುರುಳಿ, ಗುಂಡಿಯ ಅಂಚು, ಕವಾಟದ ಸಂದಿಗಳಲ್ಲಿ ಹೋಗಿ ಕೂತು, ಆಮೇಲೆ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಒಣಗಿ, ಚೊಕ್ಕವಾಗಿ, ಎತ್ತಿಡಲು ಸಿದ್ಧವಾದಂತೆಯೇ ಕಾಣುತ್ತದೆ. ಒಣಗುವ ಮುನ್ನ ತೊಳೆಯಬೇಕು ಎಂಬುದು ಈ ಹವ್ಯಾಸದ ಮೊದಲ ಪಾಠಗಳಲ್ಲಿ ಒಂದಾಗಿರುವುದು ಅದಕ್ಕೇ.

ಪಾಠ ಸರಳ, ಅದನ್ನು ಪಾಲಿಸಬೇಕಾದ ಹೊತ್ತು ಮಾತ್ರ ಕೆಟ್ಟದ್ದು. ಮೈ ದಣಿದಿರುತ್ತದೆ, ಹೊಟ್ಟೆ ಹಸಿದಿರುತ್ತದೆ, ಮನಸ್ಸು ಇನ್ನೂ ಬಂಡೆಯ ಮಗ್ಗುಲಿನ ಮೀನಿನ ಹಿಂಡಿನಲ್ಲೇ ಇರುತ್ತದೆ. ನೀರಿಗಿಳಿಯುವ ಮುಂಚೆ ಇದೇ ಮನುಷ್ಯ ಎಷ್ಟು ಎಚ್ಚರದಲ್ಲಿದ್ದ! ಪಟ್ಟಿಗಳನ್ನು ಎಳೆದು ನೋಡಿದ್ದ, ಬಾಯಿಗಿಟ್ಟು ಉಸಿರೆಳೆದು ನೋಡಿದ್ದ, ಜೊತೆಗಾರನ ಬಕಲುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದ್ದ. ಭಯ ಒಳಗೆ ಕೂತು ಮಾಡಿಸಿದ ಕೆಲಸ ಅದು. ಭಯ ಇಳಿದೊಡನೆ ಎಚ್ಚರವೂ ಇಳಿದುಹೋಗುವುದಾದರೆ ಆ ಎಚ್ಚರವನ್ನು ನಮ್ಮ ಗುಣವೆಂದು ಹೇಳಿಕೊಳ್ಳಬಹುದೇ? ಸುಖದ ಆರಂಭಕ್ಕೆ ಅಷ್ಟೊಂದು ಮನಸ್ಸು ಕೊಡುವ ನಾವು ಅದರ ಕೊನೆಗೆ ಕೊಡಬೇಕಾದದ್ದನ್ನು ಕೊಡುವಾಗ ಏಕೆ ಹೀಗೆ ಜಿಪುಣರಾಗುತ್ತೇವೆ?

ಸ್ವಂತ ಸಲಕರಣೆಯಾದರೆ ಈ ಜಿಪುಣತನದ ಫಲ ಉಣ್ಣುವವರು ನಾವೇ. ಆದರೆ ಉತ್ತರ ಕನ್ನಡದ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿ, ಮಳೆಗಾಲ ಕಳೆದ ಮೇಲೆ, ನೀರಿಗಿಳಿಯುವ ಅನೇಕರು ಮೊದಲ ಸಲ ಇಳಿಯುವವರು. ಮಾಸ್ಕಿನಿಂದ ಫಿನ್ನಿನವರೆಗೆ ಎಲ್ಲವೂ ಬಾಡಿಗೆಯದು. ಇಂದು ಬೆಂಗಳೂರಿನ ಹುಡುಗ ಹಲ್ಲಿನಲ್ಲಿ ಕಚ್ಚಿ ಹಿಡಿದ, ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಒದಗಿಸುವ ರೆಗ್ಯುಲೇಟರನ್ನು ನಾಳೆ ಹುಬ್ಬಳ್ಳಿಯ ಮೇಷ್ಟ್ರೊಬ್ಬರು ಕಚ್ಚಿಕೊಂಡಾರು. ಇಬ್ಬರಿಗೂ ಮುಖ ಪರಿಚಯವಿಲ್ಲ. ಇಬ್ಬರ ನಡುವೆ ಇರುವುದು ಸಂಜೆ ಸಿಹಿನೀರಿನ ತೊಟ್ಟಿಯ ಪಕ್ಕ ಕೂತು ಒಂದೊಂದನ್ನೇ ಅದ್ದಿ ತೆಗೆಯುವವರ ಶ್ರದ್ಧೆ. ಗಾಳಿ ತುಂಬುವ ಜಾಕೆಟ್ಟಿನ, ಅಂದರೆ ಬಿಸಿಡಿಯ, ಗುಂಡಿಯೊಳಗೆ ಉಪ್ಪು ಕೂತು ಅದು ಒತ್ತಿದಂತೆಯೇ ಸಿಕ್ಕಿಕೊಂಡರೆ, ಜಾಕೆಟ್ಟು ತಾನಾಗಿ ಉಬ್ಬಿ ಆಳದಲ್ಲಿದ್ದವರನ್ನು ಮೇಲಕ್ಕೆಳೆಯತೊಡಗುತ್ತದೆ. ಹತ್ತು ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ನೀರಿನ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದವರ ಶ್ವಾಸಕೋಶಕ್ಕೆ ಅದನ್ನು ತಡೆದುಕೊಳ್ಳುವ ಶಕ್ತಿಯಿಲ್ಲ. ಒಂದು ಚಿಟಿಕೆ ಉಪ್ಪಿಗೆ ಇಷ್ಟು ದೂರದ ಕೈ. ಆದರೂ ನಮ್ಮ ಕೃತಜ್ಞತೆಯೆಲ್ಲ, ಭಕ್ಷೀಸೂ ಸೇರಿದಂತೆ, ನೀರೊಳಗೆ ಕೈ ಹಿಡಿದು ನಡೆಸಿದ ತರಬೇತುದಾರನಿಗೇ ಸಲ್ಲುತ್ತದೆ. ತೊಟ್ಟಿಯ ಕಡೆಗೆ ತಿರುಗಿ ನೋಡುವವರು ಕಡಿಮೆ.

ಇದೇನೂ ಹೊಸ ಸಂಗತಿಯಲ್ಲ. ಆಧುನಿಕ ಸ್ಕೂಬಾಕ್ಕೆ ದಾರಿ ಮಾಡಿದ ಆಕ್ವಾಲಂಗ್ 1943ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡಾಗ ಅದರ ಹಿಂದೆ ಇಬ್ಬರಿದ್ದರು. ಕೆಂಪು ಟೋಪಿಯ ಝಾಕ್ ಕುಸ್ಟೋ ಅವರನ್ನು ಜಗತ್ತು ಬಲ್ಲದು. ಅವರ ಕಡಲಿನ ಚಿತ್ರಕ್ಕೆ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯೂ ಬಂತು. ಇನ್ನೊಬ್ಬರು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸಿನಿಂದ ಓಡಿಸಬೇಕಾಗಿ ಬಂದಾಗ, ಎಂಜಿನ್ನಿಗೆ ಬೇಕಾದಾಗ ಬೇಕಾದಷ್ಟೇ ಗ್ಯಾಸು ಬಿಡುವ ಕವಾಟವೊಂದನ್ನು ಅವರು ಮಾಡಿದ್ದರು. ಅದನ್ನೇ ಮನುಷ್ಯನ ಉಸಿರಿಗೆ ಹೊಂದಿಸಿದರು. ನಾವು ನೀರಿನಡಿಯಲ್ಲಿ ಎಳೆಯುವ ಪ್ರತಿ ಉಸಿರೂ ಆ ಕವಾಟದ ವಂಶದ್ದು, ಆದರೆ ಗಾನ್ಯಾನ್ ಹೆಸರು ಎಷ್ಟು ಜನರ ಬಾಯಲ್ಲಿದೆ?

ತೊಳೆಯುವುದೆಂದರೆ ಮೈಬಗ್ಗಿಸಿ ಉಜ್ಜುವುದು ಎಂದುಕೊಂಡವರಿಗೆ ಈ ಸಲಕರಣೆಗಳು ಬೇರೆಯೇ ಪಾಠ ಹೇಳುತ್ತವೆ. ರೆಗ್ಯುಲೇಟರಿನ ಮೊದಲ ಹಂತ, ಅಂದರೆ ಸಿಲಿಂಡರಿಗೆ ಕೂರುವ ಭಾಗ, ತನ್ನ ಗಾಳಿಯ ಬಾಯೊಳಗೆ ಒಂದು ಹನಿ ನೀರನ್ನೂ ಸಹಿಸದು. ಹಾಗಾಗಿ ಮುಚ್ಚಳವನ್ನು ಒರೆಸಿ ಒಣಗಿಸಿ ಬಿಗಿಯಾಗಿ ಹಾಕಿದ ಮೇಲೇ ನೀರಿಗೆ ಅದ್ದಬೇಕು. ಬಾಯಿಗಿಡುವ ಭಾಗದ ನಡುವೆ ಗಾಳಿ ಬಿಡುವ ಗುಂಡಿಯೊಂದಿದೆ. ತೊಟ್ಟಿಯಲ್ಲಿ ಮುಳುಗಿಸಿದಾಗ ಬೆರಳು ಸಹಜವಾಗಿ ಅದರತ್ತ ಹೋಗುತ್ತದೆ, ಒತ್ತಿದರೆ ಒಳಗೂ ಸ್ವಚ್ಛವಾದೀತೆಂಬ ಆಸೆ. ಸಿಲಿಂಡರಿನ ಗಾಳಿಯ ಒತ್ತಡ ಇಲ್ಲದಾಗ ಅದನ್ನು ಒತ್ತಿದರೆ ಕವಾಟ ತೆರೆದುಕೊಂಡು, ನೀರು ಕೊಳವೆಯೊಳಗೆ ಏರಿ, ಎಲ್ಲಿ ಹೋಗಬಾರದೋ ಅಲ್ಲಿಗೇ ಹೋಗುತ್ತದೆ. ಸೇವೆಯ ಹುಮ್ಮಸ್ಸೇ ಕೇಡಾಗುವುದು ಹೀಗೆ. ನಾವು ಪ್ರೀತಿಸುವ ಮನುಷ್ಯರ ವಿಷಯದಲ್ಲೂ ಯಾವ ಗುಂಡಿಯನ್ನು ಮುಟ್ಟಬಾರದೆಂದು ತಿಳಿಯಲು ನಮಗೆ ಅರ್ಧ ಆಯುಷ್ಯ ಬೇಕಾಗುತ್ತದಲ್ಲವೇ? ಬಿಸಿಡಿಯದು ಇದಕ್ಕೆ ತದ್ವಿರುದ್ಧ ಸ್ವಭಾವ. ಅದರ ಒಳಗಡೆಗೇ ಸಿಹಿನೀರು ಬಿಟ್ಟು, ಅಲುಗಾಡಿಸಿ, ಬಸಿದು, ಕೊನೆಗೆ ಸ್ವಲ್ಪ ಗಾಳಿ ತುಂಬಿ ಇಡಬೇಕು. ಇಲ್ಲವಾದರೆ ಒಳಪದರಗಳು ಅಂಟಿಕೊಂಡು ಬೂಸಲು ಹಿಡಿಯುತ್ತವೆ. ವೆಟ್‌ಸೂಟಿಗೆ ನೆರಳೇ ಒಳ್ಳೆಯದು, ಬಿಸಿಲು ಅದನ್ನು ಬೇಗ ಮುದಿಯಾಗಿಸುತ್ತದೆ. ಒಂದೇ ಕಡಲಿನಿಂದ ಬಂದ ಈ ವಸ್ತುಗಳಲ್ಲಿ ಯಾವುದಕ್ಕೆ ಏನು ಬೇಕೆಂಬುದನ್ನು ಅದರದರ ಮೈಯಿಂದಲೇ ಕಲಿಯಬೇಕು.

ಸಿಲಿಂಡರಿನ ವಿಷಯದಲ್ಲಿ ನನಗೆ ಬಹಳ ಹಿಡಿಸಿದ ಒಂದು ರೂಢಿಯಿದೆ. ಸುಮಾರು 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿಕೊಂಡು ಹೋದದ್ದನ್ನು ಪೂರ್ತಿ ಬರಿದು ಮಾಡಿ ತರಬಾರದು. ಕೊನೆಯಲ್ಲಿ ಏನಾದರೂ ಆದೀತೆಂಬ ಮುನ್ನೆಚ್ಚರಿಕೆ ಒಂದು ಕಡೆ; ಇನ್ನೊಂದು ಕಡೆ, ಒಳಗೆ ತುಸು ಒತ್ತಡವಿದ್ದರೆ ಹೊರಗಿನ ತೇವ ನುಗ್ಗುವುದಿಲ್ಲ, ಗೋಡೆಗೆ ತುಕ್ಕು ಹಿಡಿಯುವುದಿಲ್ಲ. ಪಕ್ಕದ ಮನೆಯಿಂದ ತಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸದೆ ಒಂದು ಹಿಡಿ ಸಕ್ಕರೆಯನ್ನೋ ಎರಡು ಬಾಳೆಹಣ್ಣನ್ನೋ ಇಟ್ಟು ಕೊಡುತ್ತಿದ್ದ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿಯೇ ಇರಲಿಲ್ಲ.

ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳು ಡೈವಿಂಗಿಗೆ ರಜೆ. ಮತ್ತೆ ಋತು ತೆರೆದುಕೊಳ್ಳುವ ಕಾಲ ನವರಾತ್ರಿಯ ಆಸುಪಾಸು, ಆಯುಧಪೂಜೆಯ ದಿನಗಳು. ದುಡಿಯುವ ವಸ್ತುವಿಗೆ ವರ್ಷಕ್ಕೊಮ್ಮೆ ಕೈ ಮುಗಿಯುವ ನಮ್ಮ ಪದ್ಧತಿ ನನಗೆ ಇಷ್ಟ; ಆದರೆ ಅರಿಶಿನ ಕುಂಕುಮದ ಆ ಒಂದು ದಿನ ಉಳಿದ ದಿನಗಳ ಅಸಡ್ಡೆಗೆ ರಸೀದಿಯಾಗಿಬಿಡುವುದೂ ಉಂಟು. ರೆಗ್ಯುಲೇಟರಿಗಾದರೋ ವರ್ಷದ ಸೇವೆ ಬೇರೆ, ದಿನದ ಸೇವೆ ಬೇರೆ, ಒಂದರ ಬಾಕಿ ಇನ್ನೊಂದರಿಂದ ತೀರುವುದಿಲ್ಲ. ತಯಾರಕರು ಹೇಳಿದ ಅವಧಿಗೆ ಅದನ್ನು ಬಿಚ್ಚುವ ತಂತ್ರಜ್ಞ ಒಳಗಿನ ಓ-ರಿಂಗುಗಳನ್ನೂ ಕವಾಟದ ಸೀಟುಗಳನ್ನೂ ತೆಗೆದು ಹೊಸದನ್ನು ಹಾಕುತ್ತಾನೆ. ತೆಗೆದವುಗಳಲ್ಲಿ ಹಲವು ನೋಡಲು ಇನ್ನೂ ಚೆನ್ನಾಗಿಯೇ ಇರುತ್ತವೆ. ಇನ್ನೊಂದು ವರ್ಷ ಬಂದಾವಲ್ಲ ಎಂದು ಮಾಲೀಕ ಕೇಳಬಹುದು, ಕೇಳುತ್ತಾನೆ ಕೂಡ. ಬಂದಾವು ಎಂದೇ ತಂತ್ರಜ್ಞನಿಗೂ ಅನಿಸಿರಬಹುದು. ಆದರೂ ಅವುಗಳನ್ನು ಕಸದ ಬುಟ್ಟಿಗೆ ಹಾಕಿ, ಬಿಲ್ಲಿನಲ್ಲಿ ಹೊಸದರ ಬೆಲೆ ಬರೆಯುತ್ತಾನೆ.