ಅಳತೆಯ ಧರ್ಮ

ವಿಜಯನಗರದ ಅರಸರು ತೋಡಿಸಿದ ಕಾಲುವೆಗಳಲ್ಲಿ ಇಂದಿಗೂ ತುಂಗಭದ್ರೆಯ ನೀರು ಹರಿದು ಬರುತ್ತಿರುವ ಹೊಸಪೇಟೆ, ಕಮಲಾಪುರ, ಕಂಪ್ಲಿಗಳ ಕಬ್ಬಿನ ಸೀಮೆಯಲ್ಲಿ, ಕೊಪ್ಪರಿಗೆಯ ಪಾಕವನ್ನು ಅಚ್ಚಿಗೆ ಹೊಯ್ಯದೆ, ಮಲೆನಾಡಿನ ಜೋನಿಬೆಲ್ಲದಂತೆ ದ್ರವರೂಪದಲ್ಲಿಯೇ ಸೀಸೆಗಳಿಗೆ ತುಂಬಿ ಮಾರಬಯಸುವ ಗೃಹಸ್ಥನು ಮೊದಲು ನಿಶ್ಚಯಿಸಬೇಕಾದುದು, ಅದನ್ನು ಯಾವ ಯಂತ್ರದಿಂದ ತುಂಬಬೇಕೆಂಬುದನ್ನು. ಲಾಭನಷ್ಟದ ಲೆಕ್ಕದಂತೆ ತೋರುವ ಈ ನಿಶ್ಚಯದೊಳಗೆ ಧರ್ಮಜಿಜ್ಞಾಸೆಯೊಂದು ಅಡಗಿದೆ: ಮನಸ್ಸಿಲ್ಲದ ಯಂತ್ರವು ತೂಕದಲ್ಲಿ ಕಡಮೆ ಕೊಟ್ಟರೆ, ಆ ದೋಷವು ಯಾರದು?

ತೆಳುವಾದ ರಸವು ತನ್ನ ಭಾರದಿಂದ ತಾನೇ ಇಳಿಯುವುದರಿಂದ ಅದಕ್ಕೆ ಸರಳವಾದ ಯಂತ್ರವೇ ಸಾಕು. ಮಂದವಾದ ಪಾಕಕ್ಕಾದರೋ, ನಿಯತವಾದ ಗಾತ್ರವನ್ನು ಒಳಗೆಳೆದುಕೊಂಡು ಬಲದಿಂದ ಹೊರದೂಡುವ ಪಿಸ್ಟನ್ ಯಂತ್ರವು ಬೇಕು. ಆದರೆ ಪಿಸ್ಟನ್ ಅಳೆಯುವುದು ಗಾತ್ರವನ್ನು; ಗಿರಾಕಿಯು ಹಣ ತೆರುವುದು ತೂಕಕ್ಕೆ. ಬಿಸಿಯಾದ ಪಾಕವು ಹಿಗ್ಗಿ ಹಗುರವಾಗುವುದು, ಕಲಕಿದ ಪಾಕವು ಗಾಳಿಯ ಗುಳ್ಳೆಗಳನ್ನು ಒಳಗಿಟ್ಟುಕೊಳ್ಳುವುದು. ಹೀಗೆ ಗಾತ್ರವು ಒಂದೇ ಆಗಿದ್ದರೂ ತೂಕವು ಬೇರೆಯಾಗುವುದು. ಆದುದರಿಂದ ಪಾಕದ ಬಿಸಿಯನ್ನು ಸಮವಾಗಿಡುವ ಏರ್ಪಾಡು, ಗಾಳಿ ಸೇರದಂತೆ ಸೀಸೆಯ ತಳದಿಂದ ಮೇಲಕ್ಕೆ ತುಂಬುತ್ತ ಬಂದು ಕೊನೆಯ ಎಳೆಯನ್ನು ಚೊಕ್ಕಟವಾಗಿ ಕತ್ತರಿಸುವ ಮೂತಿ, ತುಂಬಿದ ಸೀಸೆಗಳನ್ನು ಆಗಾಗ ತಕ್ಕಡಿಗಿಟ್ಟು ನೋಡುವ ಶ್ರದ್ಧೆ, ಇವುಗಳಿಗೆ ಹಣವನ್ನೂ ಹೊತ್ತನ್ನೂ ವೆಚ್ಚಮಾಡಬೇಕಾಗುತ್ತದೆ.

ಯಾವ ಯಂತ್ರವೂ ಅಣುಮಾತ್ರ ವ್ಯತ್ಯಾಸವಿಲ್ಲದೆ ಅಳೆಯಲಾರದೆಂಬುದನ್ನು ರಾಜಶಾಸನವೂ ಒಪ್ಪಿದೆ. ಪೊಟ್ಟಣ ಸರಕುಗಳನ್ನು ಕುರಿತ 2011ರ ನಿಯಮಗಳು, 500ರಿಂದ 1000 ಗ್ರಾಮಿನ ಪೊಟ್ಟಣವೊಂದರಲ್ಲಿ 15 ಗ್ರಾಮಿನ ಕೊರತೆಯನ್ನು ಕ್ಷಮಿಸುತ್ತವೆ. ಆದರೆ ಅನೇಕ ಪೊಟ್ಟಣಗಳ ಸರಾಸರಿಯು ಮೇಲೆ ಬರೆದ ತೂಕಕ್ಕಿಂತ ಕಡಮೆಯಾಗಕೂಡದೆನ್ನುತ್ತವೆ. ಈ ಭೇದವು ಗಹನವಾದುದು. ಒಮ್ಮೆ ಹೆಚ್ಚಾಗಿ ಒಮ್ಮೆ ಕಡಮೆಯಾಗಿ ತೂಗಾಡುವ ವ್ಯತ್ಯಾಸವು ಯಂತ್ರದ ಸ್ವಭಾವ. ಸದಾ ಕಡಮೆಯ ಕಡೆಗೇ ವಾಲುವ ವ್ಯತ್ಯಾಸವಾದರೋ, ಯಂತ್ರವನ್ನು ಹಾಗೆ ಹೂಡಿದ ಅಥವಾ ಹಾಗೆ ಬಿಟ್ಟ ಮನುಷ್ಯನದು.

ಈ ಹೊಣೆಯ ವಿಚಾರವನ್ನು ಅರಸಿ ದೂರ ಹೋಗಬೇಕಾಗಿಲ್ಲ. ಕಮಲಾಪುರದಿಂದ ಕಂಪ್ಲಿಯತ್ತ ಹೋಗುವ ದಾರಿಯಲ್ಲಿ, ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು 1385ರಲ್ಲಿ ಕಟ್ಟಿಸಿದ, ಜನರು ಗಾಣಿಗಿತ್ತಿಯ ಗುಡಿಯೆಂದು ಕರೆಯುವ ಜಿನಾಲಯವಿದೆ. ಆ ಗುಡಿಯು ಯಾವ ಮತಕ್ಕೆ ಸೇರಿತೋ ಆ ಮತದ ತತ್ತ್ವಾರ್ಥಸೂತ್ರವು ಹುಸಿ ಅಳತೆಯನ್ನು ಅಚೌರ್ಯವ್ರತದ, ಎಂದರೆ ಕಳವು ಮಾಡದಿರುವ ವ್ರತದ, ಅತಿಚಾರಗಳಲ್ಲಿ ಎಣಿಸಿರುವುದಲ್ಲದೆ, ಪ್ರಮಾದವನ್ನೂ, ಎಂದರೆ ಎಚ್ಚರಗೇಡಿತನವನ್ನೂ, ಜೀವಕ್ಕೆ ಕರ್ಮಬಂಧವನ್ನು ತರುವ ಕಾರಣಗಳಲ್ಲೊಂದೆಂದು ಹೇಳಿದೆ. ಇದರಂತೆ, ಮೋಸಮಾಡುವ ಇಚ್ಛೆ ನನಗಿರಲಿಲ್ಲವೆಂದ ಮಾತ್ರಕ್ಕೆ ವರ್ತಕನು ನಿರ್ದೋಷಿಯಾಗಲಾರನು. ತನ್ನ ಪಾಕಕ್ಕೆ ಒಗ್ಗದ ಯಂತ್ರವನ್ನು ಅಗ್ಗವೆಂಬ ಕಾರಣದಿಂದ ತಂದು, ಅದರ ಅಳತೆಯನ್ನು ಪರೀಕ್ಷಿಸದೆ ಕಣ್ಮುಚ್ಚಿರುವವನ ಅಜ್ಞಾನವು ತಾನಾಗಿ ಬಂದುದಲ್ಲ, ಅವನೇ ಬರಮಾಡಿಕೊಂಡುದು.

ಕೈಯಿಂದ ಅಳೆದು ಕೊಡುವವನಿಗೆ ಪ್ರತಿಯೊಂದು ಅಳತೆಯಲ್ಲಿಯೂ ತನ್ನನ್ನು ತಿದ್ದಿಕೊಳ್ಳುವ ಅವಕಾಶವುಂಟು. ಯಂತ್ರವನ್ನು ಹೂಡುವವನಾದರೋ, ಮುಂದೆ ನಡೆಯಲಿರುವ ಸಹಸ್ರಾರು ವ್ಯವಹಾರಗಳ ನ್ಯಾಯಾನ್ಯಾಯಗಳನ್ನು ಒಂದೇ ಸಂಕಲ್ಪದಿಂದ ನಿರ್ಧರಿಸಿಬಿಡುತ್ತಾನೆ. ಯಂತ್ರವು ಅವನ ಶ್ರಮವನ್ನು ಹೊರಬಲ್ಲುದು, ಅವನ ಹೊಣೆಯನ್ನು ಹೊರಲಾರದು.